ಚೀಟಿಯಲ್ಲಿ ಒಂದು ಹೆಸರು, ಟ್ಯಾಂಕ್‌ನಲ್ಲಿ ಮೂರು ಜಾತಿ

ಪ್ಲಾಸ್ಟಿಕ್ ಚೀಲದ ಮೇಲೆ ಮಾರ್ಕರ್‌ನಲ್ಲಿ ಬರೆದಿತ್ತು: ‘ಅಪಿಸ್ಟೋ ಅಗಾಸಿಝಿ ಡಬಲ್ ರೆಡ್, 2 ಗಂಡು 3 ಹೆಣ್ಣು’. ಅಪಿಸ್ಟೋ ಅಂದರೆ ಅಪಿಸ್ಟೋಗ್ರಾಮಾ, ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಮೀನುಗಳ ಕುಲ; ಅಗಾಸಿಝಿ ಅದರಲ್ಲೊಂದು ಜಾತಿ. ಒಳಗೆ ಐದು ಮೀನಿನ ಮರಿಗಳು. ಒಂದೊಂದೂ ಹೆಚ್ಚೂಕಡಿಮೆ 3 ಸೆಂಟಿಮೀಟರ್ ಉದ್ದ. ಕೆಂಪು ಹಾಗಿರಲಿ, ಯಾವ ಬಣ್ಣವೂ ಇರಲಿಲ್ಲ. ಬೂದು ಮೈ, ಪಕ್ಕೆಯ ಮೇಲೊಂದು ಮಾಸಲು ಪಟ್ಟಿ, ಅಷ್ಟೇ. ಐದೂ ಹೆದರಿಕೊಂಡು ಚೀಲದ ಮೂಲೆಗೆ ಒತ್ತಿಕೊಂಡಿದ್ದವು.

“ಬೆಳೀತಾ ಬೆಳೀತಾ ಬಣ್ಣ ಬರುತ್ತೆ” ಅಂದರು ಮಾರಿದವರು. ಅದೇನೋ ನಿಜ. ಬಂದ ಬಣ್ಣ ಯಾವ ಮೀನಿನದು ಅನ್ನುವುದೇ ಆಮೇಲೆ ತಲೆನೋವಾಯಿತು.

ನಾನು ಆ ಚೀಟಿಯನ್ನು ಕತ್ತರಿಸಿ ಟ್ಯಾಂಕ್‌ನ ಪಕ್ಕದ ಗಾಜಿಗೆ ಟೇಪ್ ಹಾಕಿ ಅಂಟಿಸಿದೆ. ಅಲ್ಲಿಂದ ಎರಡು ತಿಂಗಳು ನಾನು ಮೀನು ನೋಡಲಿಲ್ಲ, ಚೀಟಿ ಓದುತ್ತಿದ್ದೆ. ಮನೆಗೆ ಬಂದವರಿಗೆಲ್ಲ “ಇದು ಅಗಾಸಿಝಿ, ಅಮೆಜಾನ್ ಮೀನು, 1875ರಲ್ಲಿ ಸ್ಟೈನ್‌ಡಾಕ್ನರ್ ಅನ್ನೋರು ಹೆಸರಿಟ್ಟಿದ್ದು, 1865ರಲ್ಲಿ ಅಮೆಜಾನ್‌ಗೆ ತಂಡ ಕಟ್ಟಿಕೊಂಡು ಹೋದ ಲೂಯಿ ಅಗಾಸಿ ಅವರ ನೆನಪಿಗೆ” ಅಂತ ದೊಡ್ಡ ಭಾಷಣ ಬಿಗಿಯುತ್ತಿದ್ದೆ. ಭಾಷಣದಲ್ಲಿ ತಪ್ಪಿರಲಿಲ್ಲ. ನಾನು ಬೆರಳು ತೋರಿಸುತ್ತಿದ್ದ ಮೀನು ಮಾತ್ರ ಬೇರೆಯದಾಗಿತ್ತು.

ಮೊದಲ ಅನುಮಾನ ಬಂದದ್ದು ಆರನೇ ವಾರ. ಐದರಲ್ಲಿ ದೊಡ್ಡದೊಂದಕ್ಕೆ ಬೆನ್ನಿನ ರೆಕ್ಕೆಯ ಮುಂಭಾಗದ ಮುಳ್ಳುಗಳು ಉದ್ದವಾಗತೊಡಗಿದವು. ಎರಡನೆಯದು, ಮೂರನೆಯದು, ನಾಲ್ಕನೆಯದು ಹೀಗೆ ಸಾಲಾಗಿ, ತಲೆಗೂದಲು ನಿಮಿರಿದ ಹಾಗೆ. ನೋಡಿ ಖುಷಿಯಾಯಿತು. ‘ಗಂಡು ಚೆನ್ನಾಗಿ ಬೆಳೀತಿದೆ’ ಅಂದುಕೊಂಡೆ. ಇನ್ನೊಂದು ವಾರಕ್ಕೆ ಬಾಲ ನೋಡಿದೆ. ಅಗಾಸಿಝಿ ಗಂಡಿನ ಬಾಲ ಭರ್ಜಿಯ ಮೊನೆ ಇದ್ದಂತೆ, ನಡುವೆ ಒಂದೇ ಚೂಪು. ಇದಕ್ಕೆ ಮೇಲೊಂದು, ಕೆಳಗೊಂದು, ಎರಡು ಚೂಪು ಬರುತ್ತಿದ್ದವು.

ಆಗಲೂ ನಾನು ಚೀಟಿಯ ಪರವಾಗಿಯೇ ವಾದ ಮಾಡಿದೆ. ಬಾಲ ಹರಿದಿರಬೇಕು, ಇನ್ನೊಂದು ಮೀನು ಕಚ್ಚಿರಬೇಕು, ಮತ್ತೆ ಬೆಳೆಯುವಾಗ ಹೀಗಾಗಿರಬೇಕು. ಒಂದು ಸಲ ಹೆಸರು ತಲೆಯಲ್ಲಿ ಕೂತರೆ ಕಣ್ಣೂ ಅದಕ್ಕೇ ಸಾಕ್ಷಿ ಹೇಳುತ್ತೆ ನೋಡಿ.

ಕೊನೆಗೆ ಚೀಟಿ ಕಿತ್ತು, ಮೀನುಗಳಿಗೆ ಹೆಸರಿನ ಬದಲು 1ರಿಂದ 5ರವರೆಗೆ ನಂಬರ್ ಕೊಟ್ಟೆ. ಇಡೀ ಕೆಲಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಅಂದರೆ ಇದೊಂದೇ ಇರಬೇಕು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಹೋಲಿಸುತ್ತಾ ಕೂತೆ. ‘ಬಾಲದಲ್ಲಿ ಕೆಂಪಿದೆ, ಇದರಲ್ಲೂ ಕೆಂಪಿದೆ, ಸರಿ ಇದೇ’ ಅನ್ನುವ ಲೆಕ್ಕ. ಇದರಿಂದ ಏನೂ ಆಗಲಿಲ್ಲ. ಮಾರಾಟಕ್ಕೆ ಬರುವ ಅಪಿಸ್ಟೋಗಳಲ್ಲಿ ಎಷ್ಟೋ ಮೀನುಗಳು ತಲೆಮಾರುಗಳಿಂದ ಬಣ್ಣಕ್ಕಾಗಿಯೇ ಆರಿಸಿ ಬೆಳೆಸಿದವು. ‘ಡಬಲ್ ರೆಡ್’ ಅನ್ನುವುದು ಜಾತಿಯ ಹೆಸರಲ್ಲ, ಬೆಳೆಸಿದ ತಳಿಯ ಹೆಸರು. ಆ ಹೆಸರಿನಲ್ಲಿ ಅಗಾಸಿಝಿಯೂ ಸಿಗುತ್ತೆ, ಕಕಾಟುವಾಯ್ಡಿಸ್ ಅನ್ನುವ ಇನ್ನೊಂದು ಜಾತಿಯೂ ಸಿಗುತ್ತೆ. ಪೆಟ್ಟಿಗೆಯ ಮೇಲೆ ಬರೀ ‘ಅಪಿಸ್ಟೋ ಡಬಲ್ ರೆಡ್’ ಅಂತ ಇದ್ದರೆ ನಡುವಿನ ಹೆಸರನ್ನು ಯಾರೋ ಊಹೆಯ ಮೇಲೆ ತುಂಬಿಸಿದರೂ ಆಶ್ಚರ್ಯವಿಲ್ಲ. ಅದೂ ಅಲ್ಲದೆ ಕೆಂಪು, ಹಳದಿ, ನೀಲಿ ಎಲ್ಲವೂ ತಿನ್ನುವ ಆಹಾರ, ನೀರು, ಮೇಲಿನ ಲೈಟು, ಕೊನೆಗೆ ನಮ್ಮ ಫೋನಿನ ಕ್ಯಾಮೆರಾ ಮೇಲೂ ನಿಂತಿರುತ್ತವೆ.

ಈ ಮೀನುಗಳನ್ನು ಬಲ್ಲವರು ನೋಡುವುದು ಕಪ್ಪು ಗುರುತುಗಳನ್ನು. ಅದನ್ನು ತಿಳಿದುಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಅಪಿಸ್ಟೋಗ್ರಾಮಾ ಕುಲದಲ್ಲಿ ಈಗ 90ಕ್ಕೂ ಜಾಸ್ತಿ ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಎಲ್ಲವೂ ದಕ್ಷಿಣ ಅಮೆರಿಕದವು. ಎಲ್ಲದರ ಮೈಮೇಲೂ ಹೆಚ್ಚುಕಡಿಮೆ ಒಂದೇ ನಕ್ಷೆ. ಕಣ್ಣಿನ ಹಿಂದಿನಿಂದ ಬಾಲದ ಬುಡದ ಕಡೆಗೆ ಹೋಗುವ ಅಡ್ಡಪಟ್ಟಿ. ಕಣ್ಣಿನಿಂದ ಕೆನ್ನೆಯ ಮೇಲೆ ಓರೆಯಾಗಿ ಇಳಿಯುವ ಗೆರೆ. ಮೇಲಿನಿಂದ ಕೆಳಕ್ಕೆ ಏಳೋ ಏನೋ ಮಸುಕು ಕಂಬಗಳು. ಬಾಲದ ಬುಡದಲ್ಲಿ ಒಂದು ಕಲೆ. ಕೆಲವಕ್ಕೆ ಅಡ್ಡಪಟ್ಟಿಯ ಕೆಳಗೆ, ಹೊಟ್ಟೆಯ ಪಕ್ಕದಲ್ಲಿ ಸಣ್ಣ ಗೆರೆಗಳು. ಇದರಲ್ಲಿ ಯಾವುದು ಇದೆ, ಯಾವುದು ಇಲ್ಲ, ಪಟ್ಟಿ ಎಲ್ಲಿ ನಿಲ್ಲುತ್ತೆ, ಕಲೆಗೆ ಕೂಡುತ್ತಾ ಇಲ್ವಾ, ಇಷ್ಟರಲ್ಲೇ ಜಾತಿಯ ಗುಟ್ಟೆಲ್ಲ ಇದೆ. ಟ್ರೈಫಾಸಿಯಾಟಾ ಅನ್ನುವ ಪುಟ್ಟ ಮೀನಿಗೆ ಪಕ್ಕದ ರೆಕ್ಕೆಯ ಬುಡದಿಂದ ಕೆಳರೆಕ್ಕೆಯ ಬುಡದವರೆಗೆ ಓರೆಯಾಗಿ ಇನ್ನೊಂದು ಪಟ್ಟಿ ಇರುತ್ತೆ. ಅದೊಂದನ್ನು ಕಂಡರೆ ಸಾಕು, ಮುಂದೆ ಬಣ್ಣ ನೋಡುವ ಅಗತ್ಯವೇ ಇಲ್ಲ. ನನ್ನ ಐದರಲ್ಲಿ ಅಂಥ ಸುಲಭದ ಮೀನು ಒಂದೂ ಇರಲಿಲ್ಲ.

ತೊಂದರೆ ಇರುವುದು ಎಲ್ಲಿ ಅಂದರೆ, ಈ ಕಪ್ಪು ಗುರುತುಗಳು ಮೀನಿನ ಮನಸ್ಸಿನ ಜೊತೆ ಬದಲಾಗುತ್ತವೆ. ಹೆದರಿದಾಗ ಕಂಬಗಳು ಎದ್ದು ಕಾಣುತ್ತವೆ. ಆರಾಮಾಗಿದ್ದಾಗ ಅಡ್ಡಪಟ್ಟಿ. ಜಗಳಕ್ಕೆ ನಿಂತಾಗ ಪಟ್ಟಿ ಮಾಯವಾಗಿ ಕೆನ್ನೆಯ ಗೆರೆ ಮಾತ್ರ ಉಳಿದದ್ದನ್ನು ನೋಡಿದ್ದೇನೆ. ರಾತ್ರಿ ಟಾರ್ಚ್ ಹಾಕಿದರೆ ನಿದ್ದೆಯ ವೇಷ ಬೇರೆಯೇ. ಒಂದು ಫೋಟೋ ತೆಗೆದು ‘ಇದು ಯಾವ ಮೀನು’ ಅಂತ ಕೇಳಿದರೆ ತಿಳಿದವರು ‘ಇನ್ನೊಂದಿಷ್ಟು ತೆಗೀರಿ’ ಅನ್ನುವುದು ಇದಕ್ಕೇ.

ಹಾಗಾಗಿ ಒಂದು ನೋಟ್‌ಬುಕ್ ಮಾಡಿದೆ. ಒಂದೊಂದು ಮೀನಿಗೆ ನಾಲ್ಕು ಪುಟ: ಹೆದರಿದಾಗ, ಸುಮ್ನೆ ಇದ್ದಾಗ, ಜಗಳದಲ್ಲಿ, ರಾತ್ರಿ. ಫೋಟೋ ತೆಗೆಯುವುದಕ್ಕಿಂತ ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ಓಡಿಸಿ, ಮೀನು ಪೂರ್ತಿ ಪಕ್ಕಕ್ಕೆ ತಿರುಗಿದ ಗಳಿಗೆಯನ್ನು ಹಿಡಿಯುವುದು ಸುಲಭ ಅಂತ ಎರಡನೇ ದಿನ ಗೊತ್ತಾಯಿತು. ಫ್ಲ್ಯಾಶ್ ಬೇಡವೇ ಬೇಡ. ಹುರುಪೆಗಳ ಮೇಲೆ ಬೆಳಕು ಬಿದ್ದು ನೀಲಿ ಮಿಂಚು ಬಂದರೆ ಕೆಳಗಿನ ಕಪ್ಪು ಮುಚ್ಚಿಹೋಗುತ್ತೆ. ಗಾಜಿನ ಹೊರಗೆ ಸಣ್ಣ ಕನ್ನಡಿ ಇಟ್ಟರೆ ಗಂಡು ತನ್ನ ಬಿಂಬ ನೋಡಿ ರೆಕ್ಕೆ ಪೂರ್ತಿ ಬಿಡಿಸುತ್ತೆ. ಅದನ್ನೂ ಮಾಡಿದೆ, ಒಂದೆರಡು ನಿಮಿಷ ಮಾತ್ರ. ಪಾಪ, ಇಲ್ಲದ ಶತ್ರುವಿನ ಜೊತೆ ಎಷ್ಟು ಹೊತ್ತು ಹೋರಾಡುತ್ತೆ ಅದು.

ಒಂದನೇ ನಂಬರ್ ಬೇಗ ಬಗೆಹರಿಯಿತು. ಬೆನ್ನ ಮೇಲೆ ಜುಟ್ಟು, ಎರಡು ಚೂಪಿನ ಬಾಲ, ದಪ್ಪ ತುಟಿಯ ದೊಡ್ಡ ಬಾಯಿ. ಜೊತೆಗೆ ಹೊಟ್ಟೆಯ ಪಕ್ಕದಲ್ಲಿ ಅಡ್ಡಪಟ್ಟಿಗೆ ಸಮನಾಗಿ ಮೂರು ಗೆರೆಗಳು. ಆರಾಮಾಗಿದ್ದಾಗ ಮಾತ್ರ ಕಾಣುತ್ತಿದ್ದವು, ಆದರೆ ಕಂಡಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಪಿಸ್ಟೋಗ್ರಾಮಾ ಕಕಾಟುವಾಯ್ಡಿಸ್. 1951ರಲ್ಲಿ ಹೂಡೆಮನ್ ಇಟ್ಟ ಹೆಸರು. ಕಾಕಟೂ ಗಿಳಿಯ ಜುಟ್ಟಿನಂಥದ್ದು ಅಂತ ಅರ್ಥ. ಹೆಸರೇ ಜುಟ್ಟನ್ನು ತೋರಿಸುತ್ತಿದ್ದರೂ ನಾನು ಬಾಲ ಹರಿದ ಕಥೆ ಕಟ್ಟುತ್ತಿದ್ದೆ.

ಎರಡನೇ ನಂಬರ್ ನಿಜಕ್ಕೂ ಅಗಾಸಿಝಿ. ತೆಳ್ಳಗೆ ಉದ್ದ ಮೈ, ಜುಟ್ಟಿಲ್ಲದ ನೇರ ಬೆನ್ನಿನ ರೆಕ್ಕೆ, ಒಂದೇ ಮೊನೆಯ ಬಾಲ. ಎಲ್ಲಕ್ಕಿಂತ ಮುಖ್ಯವಾಗಿ, ಅಡ್ಡಪಟ್ಟಿ ಬಾಲದ ಬುಡದಲ್ಲಿ ನಿಲ್ಲದೆ ಬಾಲದೊಳಕ್ಕೇ ನುಗ್ಗಿತ್ತು. ಬುಡದಲ್ಲಿ ಬೇರೆ ಕಲೆ ಇರಲಿಲ್ಲ. ಚೀಟಿ ಐದು ಮೀನಿನಲ್ಲಿ ಒಂದರ ವಿಷಯದಲ್ಲಾದರೂ ಸರಿಯಾಗಿತ್ತಲ್ಲ ಅಂತ ಸಮಾಧಾನಪಟ್ಟೆ. ಅಗಾಸಿಝಿ ಅನ್ನುವುದೇ ಒಂದಲ್ಲ, ಹತ್ತಿರದ ಹಲವು ಜಾತಿಗಳ ಗುಂಪು ಅಂತ ತಜ್ಞರು ಹೇಳುತ್ತಾರೆ. ಆ ಬಾಗಿಲನ್ನು ನಾನು ತಟ್ಟಲು ಹೋಗಲಿಲ್ಲ.

ಮೂರು ಮತ್ತು ನಾಲ್ಕು ನನ್ನ ಪ್ರಕಾರ ಹೆಣ್ಣುಗಳು. ಎರಡೂ ಚಿಕ್ಕವು, ಬಾಲ ದುಂಡು, ಜುಟ್ಟಿಲ್ಲ. ಹೆಣ್ಣುಗಳನ್ನು ಗುರುತಿಸುವುದು ಗಂಡುಗಳಿಗಿಂತ ಕಷ್ಟ. ಗಂಡಿಗೆ ಬಾಲ, ಜುಟ್ಟು ಅಂತ ಏನಾದರೂ ಇರುತ್ತೆ. ಹೆಣ್ಣುಗಳೆಲ್ಲ ಅಕ್ಕತಂಗಿಯರ ಹಾಗೆ. ಮೊಟ್ಟೆ ಕಾಲ ಬಂದರೆ ಬಹುಪಾಲು ಜಾತಿಗಳ ಹೆಣ್ಣು ಹಳದಿ ಬಣ್ಣ ತಾಳಿ, ಕಪ್ಪು ಗುರುತು ಹಚ್ಚಿಕೊಂಡು ನಿಲ್ಲುತ್ತೆ. ಈ ಎರಡರಲ್ಲೂ ಹೊಟ್ಟೆಯ ಪಕ್ಕದ ಗೆರೆಗಳು ಒಂದನೇ ನಂಬರ್‌ನಂತೆಯೇ ಇದ್ದವು. ಬಾಯಿಯೂ ಅಷ್ಟೇ ದೊಡ್ಡದು. ಹಾಗಾಗಿ ಜಾತಿ ಕಕಾಟುವಾಯ್ಡಿಸ್ ಅನ್ನುವುದು ಖಚಿತವಾಯಿತು.

ಆದರೆ ಮೂರನೆಯದು ಹೆಣ್ಣಾಗಿರಲಿಲ್ಲ.

ಇದನ್ನು ಕಂಡುಕೊಂಡದ್ದು ವಿಡಿಯೋದಲ್ಲಿ. ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆಗಳಿರುತ್ತವಲ್ಲ, ನಾಲ್ಕನೇ ನಂಬರ್‌ಗೆ ಅವುಗಳ ಮುಂದಿನ ಅಂಚು ಕಾಡಿಗೆ ತೀಡಿದಷ್ಟು ಕಪ್ಪು. ಮೂರನೆಯದಕ್ಕೆ ಆ ಕಪ್ಪು ಇರಲಿಲ್ಲ. ಬದಲಿಗೆ ರೆಕ್ಕೆಯ ತುದಿ ಸ್ವಲ್ಪ ಉದ್ದ, ತಿಳಿನೀಲಿ. ಆಮೇಲೆ ಓದಿದೆ: ದೊಡ್ಡ ಗಂಡು ಇರುವ ಕಡೆ ಕೆಲವು ಗಂಡುಗಳು ಬೆಳವಣಿಗೆ ತಡೆಹಿಡಿದು, ಹೆಣ್ಣಿನ ಹಾಗೆ ಮಾಸಲಾಗಿ ಉಳಿಯುತ್ತವೆ. ದೊಡ್ಡದು ಇವನ್ನು ಹೆಣ್ಣೆಂದು ತಿಳಿದು ಓಡಿಸುವುದಿಲ್ಲ. ಮೊಟ್ಟೆ ಇಡುವ ಹೊತ್ತಿಗೆ ಇವು ಮೆಲ್ಲಗೆ ನುಗ್ಗಿ ಕೆಲಸ ಮುಗಿಸಿಕೊಳ್ಳುತ್ತವೆ. ಕಳ್ಳ ಗಂಡು! ಅಂಗಡಿಯವರು ಮೋಸ ಹೋದದ್ದು ದೊಡ್ಡ ಮಾತಲ್ಲ, ಅದೇ ಜಾತಿಯ ಗಂಡೇ ಮೋಸ ಹೋಗುತ್ತಿತ್ತು ಅಲ್ವಾ?

ಗಂಡು ಹೆಣ್ಣಿನ ಲೆಕ್ಕದ ಬಗ್ಗೆ ಇನ್ನೊಂದು ಮಾತು. ಅಪಿಸ್ಟೋಗಳಲ್ಲಿ ಮರಿ ಗಂಡಾಗುತ್ತದೋ ಹೆಣ್ಣಾಗುತ್ತದೋ ಅನ್ನುವುದರ ಮೇಲೆ ನೀರಿನ ಬಿಸಿಯ ಪ್ರಭಾವವೂ ಇದೆ. 1996ರಲ್ಲಿ ರೋಮರ್ ಮತ್ತು ಬೈಸನ್‌ಹರ್ಟ್ಸ್ ಹಲವಾರು ಜಾತಿಗಳ ಮೇಲೆ ಇದನ್ನು ತೋರಿಸಿದರು. ಬೆಚ್ಚಗಿನ ನೀರಿನಲ್ಲಿ ಗಂಡುಗಳು ಜಾಸ್ತಿ. ಕೆಲವು ಜಾತಿಗಳಲ್ಲಿ ನೀರಿನ ಪಿಎಚ್ ಕೂಡ ಲೆಕ್ಕಕ್ಕೆ ಬರುತ್ತೆ. 3 ಸೆಂಟಿಮೀಟರ್ ಮರಿ ನೋಡಿ ‘2 ಗಂಡು 3 ಹೆಣ್ಣು’ ಅಂತ ಬರೆದುಕೊಟ್ಟವರ ಧೈರ್ಯ ಮೆಚ್ಚಬೇಕು.

ಇನ್ನು ಐದನೇ ನಂಬರ್. ನೋಟ್‌ಬುಕ್‌ನಲ್ಲಿ ಅದಕ್ಕೆ ನಾಲ್ಕಲ್ಲ, ಹನ್ನೊಂದು ಪುಟ ಹೋಯಿತು.

ಅಗಾಸಿಝಿ ಅಲ್ಲ, ಏಕೆಂದರೆ ಬಾಲದ ಬುಡದಲ್ಲಿ ಪಟ್ಟಿಯಿಂದ ಬೇರೆಯಾಗಿ ನಿಂತ ದೊಡ್ಡ ಕಪ್ಪು ಕಲೆ ಇತ್ತು. ಕಕಾಟುವಾಯ್ಡಿಸ್ ಅಲ್ಲ, ಬಾಯಿ ಚಿಕ್ಕದು, ಹೊಟ್ಟೆಯ ಪಕ್ಕದಲ್ಲಿ ಆ ದಪ್ಪ ಗೆರೆಗಳಿಲ್ಲ. ಮೈ ಎತ್ತರ, ಬಾಲ ದುಂಡು. ಒಂದು ವಾರ ಅದನ್ನು ಬೊರೆಲಿ ಅನ್ನುವ ಇನ್ನೊಂದು ಅಪಿಸ್ಟೋ ಜಾತಿ ಅಂದುಕೊಂಡಿದ್ದೆ. ಬೊರೆಲಿಗೂ ಎತ್ತರದ ಮೈ, ದುಂಡು ಬಾಲ. ಮುಖದಲ್ಲಿ ಹಳದಿ ಕಂಡದ್ದೂ ನನ್ನನ್ನು ದಾರಿ ತಪ್ಪಿಸಿತು. ಮತ್ತೆ ಅದೇ ತಪ್ಪು, ಬಣ್ಣ ನೋಡಿದ್ದು. (ಆ ಬೊರೆಲಿಯ ಕಥೆಯೂ ನೆಟ್ಟಗಿಲ್ಲ. ಅದು ಬಹಳ ಕಾಲ ರೈಟ್ಸಿಗಿ ಅನ್ನುವ ಹೆಸರಿನಲ್ಲಿ ಅಕ್ವೇರಿಯಂಗಳಲ್ಲಿ ಓಡಾಡಿತ್ತು.)

ಕೊನೆಗೆ ಅದನ್ನು ಮ್ಯಾಕ್‌ಮಾಸ್ಟರಿ ಗುಂಪಿನ ಹೆಣ್ಣು ಅನ್ನುವಲ್ಲಿಗೆ ತಂದು ನಿಲ್ಲಿಸಿದೆ. ಕೊಲಂಬಿಯಾದ ಮೆಟಾ ನದಿಯ ಕಡೆಯ ಮೀನುಗಳು ಇವು. ಮ್ಯಾಕ್‌ಮಾಸ್ಟರಿ, ವಿಯೆಹೀತಾ, ಹಾಂಗ್ಸ್‌ಲೋಯಿ ಮೂರಕ್ಕೂ 1979ರಲ್ಲಿ ಹೆಸರಿಟ್ಟವರು ಒಬ್ಬರೇ, ಸ್ವೆನ್ ಕುಲ್ಲಾಂಡರ್. ಇವುಗಳ ಗಂಡುಗಳನ್ನಾದರೂ ಬೇರೆ ಮಾಡಬಹುದು. ಹಿಡಿದ ಜಾಗ ಗೊತ್ತಿಲ್ಲದ, ಫಾರಂನಲ್ಲಿ ಹುಟ್ಟಿದ ಒಂಟಿ ಹೆಣ್ಣನ್ನು ಹಿಡಿದು ‘ಇದು ಇದೇ’ ಅನ್ನುವುದು ಸುಳ್ಳು ಹೇಳಿದ ಹಾಗೆ. ವಿಯೆಹೀತಾ ಅಂತ ಮಾರಾಟವಾಗುವ ಮೀನುಗಳಲ್ಲಿ ಬಹಳಷ್ಟು ಮ್ಯಾಕ್‌ಮಾಸ್ಟರಿಯೇ ಅನ್ನುವುದು ಈ ಹವ್ಯಾಸದವರಿಗೆ ಹಳೇ ಸುದ್ದಿ. ನಾನು ‘ಮ್ಯಾಕ್‌ಮಾಸ್ಟರಿ ಗುಂಪು’ ಅಂತ ಬರೆದು ಪೆನ್ ಕೆಳಗಿಟ್ಟೆ. ಅರ್ಧ ಉತ್ತರವಾದರೂ ನಿಜವಾದ ಉತ್ತರ.

ಮಾರಿದವರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ. ಕುತೂಹಲಕ್ಕೆ ಅಂತ ಹೇಳಿಕೊಂಡೆ, ಸ್ವಲ್ಪ ಸಿಟ್ಟೂ ಇತ್ತು.

“ಸರ್, ನಮಗೆ ಬರೋ ಪೆಟ್ಟಿಗೆ ಮೇಲೆ ಏನಿರುತ್ತೋ ಅದನ್ನೇ ನಾವು ಬರೀತೀವಿ” ಅಂದರು.

“ಐದರಲ್ಲಿ ಮೂರು ಜಾತಿ ಇದಾವೆ ಸರ್.”

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಹಿಂದಿನ ಸಲದ್ದು ಒಂದೆರಡು ಉಳಿದಿದ್ವು. ಜಾಗ ಇಲ್ಲ ಅಂತ ಹುಡುಗ ಅದೇ ಟ್ಯಾಂಕ್‌ಗೆ ಬಿಟ್ಟಿದ್ದ ಅನ್ಸುತ್ತೆ. ಮರೀಲಿ ಎಲ್ಲಾ ಒಂದೇ ಥರ ಕಾಣ್ತವಲ್ಲ ಸರ್.”

ಅದಕ್ಕೆ ನಾನೇನು ಹೇಳಲಿ? ಎರಡು ತಿಂಗಳು ನನಗೂ ಒಂದೇ ಥರ ಕಂಡಿದ್ದವು. ವಾಪಸ್ ತರ್ತೀರಾ ಅಂದರು. ಬೇಡ ಅಂದೆ. ನಂಬರ್ ಕೊಟ್ಟ ಮೇಲೆ ವಾಪಸ್ ಕೊಡುವುದು ಕಷ್ಟ.

ಹೆಸರಿನ ಗೊಂದಲ ಅಂಗಡಿಯಲ್ಲೇ ಹುಟ್ಟುತ್ತೆ ಅಂತೇನಿಲ್ಲ. ಹೊಸಬರು ಸಾಕುವ ಆಫ್ರಿಕಾದ ‘ಕ್ರಿಬೆನ್ಸಿಸ್’ ನೋಡಿ. ಆ ಹೆಸರಿನಲ್ಲಿ ಎಲ್ಲೆಡೆ ಸಿಗುವ, ಹೊಟ್ಟೆ ಕೆಂಪಗಿನ ಮೀನು ಪೆಲ್ವಿಕಾಕ್ರೋಮಿಸ್ ಪಲ್ಚರ್. ಕ್ಯಾಮರೂನಿನ ಕ್ರಿಬಿ ಊರಿನ ಹೆಸರು ಹೊತ್ತ ನಿಜವಾದ ಕ್ರಿಬೆನ್ಸಿಸ್ ಬೇರೆ. ಅದನ್ನು ಟೀನಿಯಾಟಸ್ ಅನ್ನುವ ಹತ್ತಿರದ ಜಾತಿಗೆ ಸೇರಿಸಿ ಮರೆತಿದ್ದರು, 2014ರಲ್ಲಿ ಮತ್ತೆ ಬೇರೆ ಜಾತಿ ಅಂತ ಎತ್ತಿ ನಿಲ್ಲಿಸಿದರು. ನಾನು ಹಿಂದೆ ಐದು ವರ್ಷ ಪಲ್ಚರ್ ಸಾಕಿ ಕ್ರಿಬೆನ್ಸಿಸ್ ಅಂತ ಕರೆದವನೇ. ಇನ್ನು ‘ಅಪಿಸ್ಟೋಗ್ರಾಮಾ’ ಅನ್ನುವ ಗ್ರೀಕ್ ಹೆಸರಿನ ಅರ್ಥ ಓದಿದಾಗ ನಕ್ಕುಬಿಟ್ಟೆ. ಅಪಿಸ್ಟೋಸ್ ಅಂದರೆ ನಂಬಿಕೆಗೆ ಅರ್ಹವಲ್ಲದ್ದು, ಗ್ರಾಮಾ ಅಂದರೆ ಗೆರೆ. ಪಕ್ಕೆಯ ಮೇಲಿನ ಸಣ್ಣ ರಂಧ್ರಗಳ ಸಾಲು ನೆಟ್ಟಗಿಲ್ಲದೆ ತುಂಡುತುಂಡಾಗಿರುವುದಕ್ಕೆ ಇಟ್ಟ ಹೆಸರದು. ಚೀಲದ ಮೇಲಿನ ಮಾರ್ಕರ್ ಗೆರೆಗೂ ಒಪ್ಪುತ್ತೆ.

ಜಾತಿ ಬೇರೆಯಾದರೆ ಏನಂತೆ, ಚೆಂದ ಇದ್ದರೆ ಸಾಲದೇ ಅಂತ ಒಬ್ಬ ಗೆಳೆಯ ಕೇಳಿದ. ನೋಡುವುದಷ್ಟೇ ಆದರೆ ಸಾಕು. ಮರಿ ಮಾಡಿಸಿ ಬೇರೆಯವರಿಗೆ ಕೊಡುವುದಾದರೆ ಸಾಲದು. ಹತ್ತಿರದ ಜಾತಿಗಳು ಒಂದೇ ಟ್ಯಾಂಕ್‌ನಲ್ಲಿ ಬೆರೆತರೆ ಮಿಶ್ರ ಮರಿಗಳು ಹುಟ್ಟಬಹುದು. ಅವು ಇನ್ನೊಂದು ಚೀಟಿ ಅಂಟಿಸಿಕೊಂಡು ಇನ್ನೊಬ್ಬರ ಮನೆಗೆ ಹೋಗುತ್ತವೆ. ಕೆಲವು ಜಾತಿಗಳು ಹುಟ್ಟಿದ ಹೊಳೆಯಿಂದ ಹೊಸದಾಗಿ ಬರುವುದೇ ಅಪರೂಪ. ಟ್ಯಾಂಕ್‌ನಲ್ಲಿ ಕಲಬೆರಕೆಯಾದದ್ದನ್ನು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಅಷ್ಟು ಗೊತ್ತಿದ್ದೂ ನಾನು ತಡ ಮಾಡಿದೆ. ಐದನೇ ನಂಬರ್‌ಗೆ ಬೇರೆ ಟ್ಯಾಂಕ್ ಮಾಡಿಕೊಟ್ಟೆ. ಅಗಾಸಿಝಿಯನ್ನು ಮಾತ್ರ ‘ಮುಂದಿನ ವಾರ ನೋಡೋಣ’ ಅಂತ ಅಲ್ಲೇ ಬಿಟ್ಟಿದ್ದೆ. ಟ್ಯಾಂಕ್ 90 ಸೆಂಟಿಮೀಟರ್ ಉದ್ದ, ಅದು ತನ್ನ ಪಾಡಿಗೆ ಒಂದು ತುದಿಯಲ್ಲಿ ಮರದ ಬೇರಿನ ಕೆಳಗೆ ಇರುತ್ತಿತ್ತು.

ಒಂದು ಬೆಳಿಗ್ಗೆ ನಾಲ್ಕನೇ ನಂಬರ್ ನಿಂಬೆಹಣ್ಣಿನ ಹಳದಿಯಾಗಿತ್ತು. ಅಡ್ಡಪಟ್ಟಿ ಕುಗ್ಗಿ ನಡುಮೈಯಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ. ಕಲ್ಲಿನ ಗುಹೆಯ ಬಾಯಲ್ಲಿ ನಿಂತು, ತನಗಿಂತ ಒಂದೂವರೆ ಪಟ್ಟು ದೊಡ್ಡದಾದ ಒಂದನೇ ನಂಬರನ್ನು ಅಟ್ಟುತ್ತಿತ್ತು. ಟಾರ್ಚ್ ಹಾಕಿ ನೋಡಿದರೆ ಗುಹೆಯ ಸೂರಿಗೆ ಅಂಟಿಕೊಂಡ ಕೆಂಪು ಮೊಟ್ಟೆಗಳು, ಸುಮಾರು 60. ಮೂರನೇ ದಿನ ಒಡೆದವು. ಇನ್ನೊಂದು ಐದಾರು ದಿನಕ್ಕೆ ಮರಿಗಳ ಮೋಡವೊಂದು ಅವಳ ಹಿಂದೆ ಹೊರಟಿತ್ತು. ಅವಳು ಮೈ ಅದುರಿಸಿದರೆ ಮರಿಗಳೆಲ್ಲ ಮರಳಿಗೆ ಇಳಿದು ಕಲ್ಲಿನ ಹಾಗೆ ಸುಮ್ಮನಾಗುತ್ತಿದ್ದವು.

ತಾಯಿ ಯಾರು ಅನ್ನುವುದರಲ್ಲಿ ಅನುಮಾನವಿಲ್ಲ. ತಂದೆ ಒಂದನೇ ನಂಬರ್ ಇರಬೇಕು. ಮೂರನೇ ನಂಬರ್ ಕಳ್ಳನಂತೆ ನುಗ್ಗಿದ್ದರೂ ಚಿಂತೆಯಿಲ್ಲ, ಅದೂ ಅದೇ ಜಾತಿ. ಆದರೆ ಆ ರಾತ್ರಿ ಎರಡನೇ ನಂಬರ್ ತನ್ನ ಬೇರಿನ ಕೆಳಗೇ ಇತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ನೋಟ್‌ಬುಕ್‌ನಲ್ಲಿ ಆ ದಿನದ ಪುಟ ಖಾಲಿ ಇದೆ. ಮಾರನೆಯ ದಿನವೇ ಅದನ್ನು ಬೇರೆಗೆ ಹಾಕಿದೆ. ಊಟವಾದ ಮೇಲೆ ಕೈ ತೊಳೆದ ಹಾಗಲ್ಲ, ಊಟವಾದ ಮೇಲೆ ಎಲೆ ಹಾಕಿದ ಹಾಗೆ.

ಈಗ 23 ಮರಿಗಳು ಉಳಿದಿವೆ. ಆರ್ಟೀಮಿಯಾ ಅನ್ನುವ ಪುಟ್ಟ ಸಿಗಡಿಯಂಥ ಜೀವಿಯ ಮರಿ ತಿಂದು ಹೊಟ್ಟೆ ಕಿತ್ತಳೆಯಾಗಿರುತ್ತೆ. ಮಿಕ್ಕಂತೆ ಎಲ್ಲವೂ ಬೂದು, ಪಕ್ಕೆಯ ಮೇಲೊಂದು ಮಾಸಲು ಪಟ್ಟಿ. ದಿನಾ ಸಂಜೆ ಭೂತಗನ್ನಡಿ ಹಿಡಿದು ಹೊಟ್ಟೆಯ ಪಕ್ಕದ ಮೂರು ಗೆರೆಗಳಿಗಾಗಿ ಹುಡುಕುತ್ತೇನೆ. ಪರಿಚಯದವರಿಬ್ಬರು ಆಗಲೇ ಮರಿ ಕೇಳಿದ್ದಾರೆ, ಯಾವ ಜಾತಿ ಅಂತಲೂ ಕೇಳಿದ್ದಾರೆ. ಆ ಟ್ಯಾಂಕ್‌ಗೆ ಇನ್ನೂ ಚೀಟಿ ಅಂಟಿಸಿಲ್ಲ.